ನರಳುವವರ ಭಾಷೆ ಬಲ್ಲ ತಾಯಿ: ಮದರ್ ಕಬ್ರೀನಿ

ಜ್ವರ ಬಂದು ಮಲಗಿದಾಗ ನಾವು ಯಾವ ಭಾಷೆಯಲ್ಲಿ ನರಳುತ್ತೇವೆ? ಶಾಲೆಯಲ್ಲಿ ಕಲಿತ ಭಾಷೆಯಲ್ಲಲ್ಲ, ಕಚೇರಿಯಲ್ಲಿ ಆಡುವ ಭಾಷೆಯಲ್ಲೂ ಅಲ್ಲ. ನೋವು ಹೆಚ್ಚಾದಾಗ ಬಾಯಿಗೆ ಬರುವುದು ತಾಯಿಯಿಂದ ಕಲಿತ ಮಾತು. ಆ ಮಾತು ಯಾರಿಗೂ ತಿಳಿಯದ ಊರಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ರೋಗಿಯ ಪಾಡನ್ನು ಒಮ್ಮೆ ಯೋಚಿಸಿ ನೋಡಿ. ಎಲ್ಲಿ ನೋವು, ಎಂದಿನಿಂದ ನೋವು, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಬೇಕು, ಯಾವುದೂ ರೋಗಿಯಿಂದ ಡಾಕ್ಟರಿಗೆ, ಡಾಕ್ಟರಿಂದ ರೋಗಿಗೆ ದಾಟುವುದಿಲ್ಲ. ಕಪಾಟಿನ ತುಂಬಾ ಔಷಧವಿದ್ದರೂ ಆತ ಔಷಧವಿಲ್ಲದವನೇ.

ಇಂಥ ರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದ ಒಬ್ಬ ಮಹಾತಾಯಿಯ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ವಲಸಿಗರ ಪಾಲಕರೆಂದು ಧರ್ಮಸಭೆ ಗೌರವಿಸುವ ಸಂತ ಫ್ರಾನ್ಸಿಸ್ ಝೇವಿಯರ್ ಕಬ್ರೀನಿ.

1850ರ ಜುಲೈ 15ರಂದು ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತ್ಯದ ಸಾಂತ್ ಆಂಜೆಲೊ ಎಂಬ ಊರಿನ ರೈತ ಕುಟುಂಬದಲ್ಲಿ ಫ್ರಾಂಚೆಸ್ಕಾ ಹುಟ್ಟಿದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಬದುಕುವುದೇ ಸಂಶಯವೆಂದು ಅದೇ ದಿನ ಜ್ಞಾನಸ್ನಾನ ಕೊಡಿಸಿದರು. ರಜಾದಿನಗಳಲ್ಲಿ ಗುರುಗಳಾಗಿದ್ದ ಸೋದರಮಾವನ ಮನೆಗೆ ಹೋದಾಗ ಈ ಹುಡುಗಿ ಕಾಗದದ ದೋಣಿ ಮಾಡಿ, ಅದರಲ್ಲಿ ನೇರಳೆ ಬಣ್ಣದ ಪುಟ್ಟ ಹೂಗಳನ್ನು ತುಂಬಿ ಕಾಲುವೆಯಲ್ಲಿ ತೇಲಿ ಬಿಡುತ್ತಿದ್ದಳು. ಆ ಹೂಗಳೆಲ್ಲ ಚೀನಾ ದೇಶಕ್ಕೆ ಹೊರಟ ಧರ್ಮಪ್ರಚಾರಕರಂತೆ! ಒಮ್ಮೆ ಆಟದ ನಡುವೆ ಕಾಲು ಜಾರಿ ನೀರಿಗೆ ಬಿದ್ದಳು. ಅಂದಿನಿಂದ ನೀರೆಂದರೆ ಭಯ. ಆ ಭಯ ಹೊತ್ತೇ ಮುಂದೆ ಇಪ್ಪತ್ತಕ್ಕೂ ಹೆಚ್ಚು ಸಲ ಅಟ್ಲಾಂಟಿಕ್ ಸಾಗರ ದಾಟಿದರು ಎಂಬುದನ್ನು ನೆನಪಿಡಿ. ಸಂತರೆಂದರೆ ಭಯವಿಲ್ಲದವರಲ್ಲ, ಭಯಕ್ಕೆ ತಲೆ ಬಾಗದವರು.

ಶಿಕ್ಷಕಿಯಾದರು. ಸಿಡುಬು ರೋಗಿಗಳ ಆರೈಕೆ ಮಾಡುತ್ತಾ ತಾವೂ ಸಿಡುಬಿಗೆ ಗುರಿಯಾದರು. ಕನ್ಯಾಮಠ ಸೇರಲು ಹೋದರೆ ಆರೋಗ್ಯ ಸಾಲದೆಂದು ಬಾಗಿಲು ಮುಚ್ಚಲಾಯಿತು. ಕೊದೊಗ್ನೊ ಎಂಬಲ್ಲಿ ಅನಾಥಾಲಯವೊಂದರಲ್ಲಿ ಆರು ವರ್ಷ ಕಷ್ಟಪಟ್ಟರು. ಕೊನೆಗೆ 1880ರಲ್ಲಿ ಧರ್ಮಾಧ್ಯಕ್ಷರ ಪ್ರೋತ್ಸಾಹದಿಂದ ತಾವೇ ಪವಿತ್ರ ಹೃದಯದ ಮಿಶನರಿ ಸಿಸ್ಟರುಗಳ ಸಭೆಯನ್ನು ಸ್ಥಾಪಿಸಿದರು. ನಮ್ಮ ಗೋವೆಯಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಆ ಸಂತ ಫ್ರಾನ್ಸಿಸ್ ಝೇವಿಯರರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಅವರಂತೆ ಪೂರ್ವದ ದೇಶಗಳಿಗೆ ಹೋಗಬೇಕೆಂಬುದೇ ಬಾಲ್ಯದ ಕನಸು. ಆದರೆ ಜಗದ್ಗುರು ಹದಿಮೂರನೇ ಲಿಯೋರವರು ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗುವಂತೆ ಆಜ್ಞಾಪಿಸಿದರು.

ಏಕೆ? ಆ ಕಾಲದಲ್ಲಿ ಇಟಲಿಯ ಬಡವರು, ಅದರಲ್ಲೂ ದಕ್ಷಿಣದ ಕೂಲಿಕಾರರು, ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದರು. 1880ರಿಂದ ನಲವತ್ತು ವರ್ಷಗಳಲ್ಲಿ ಹೀಗೆ ಹೋದವರು ಸುಮಾರು 40 ಲಕ್ಷ. ರೈಲು ಹಳಿ ಹಾಸುವವರು, ಗಣಿ ತೋಡುವವರು, ಇಟ್ಟಿಗೆ ಹೊರುವವರು ಇವರೇ. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಹಲವು ಸಂಸಾರಗಳು ಒಟ್ಟಿಗೆ ಬದುಕುತ್ತಿದ್ದವು. ಇಂಗ್ಲಿಷ್ ಬಾರದು, ಬಹಳ ಮಂದಿಗೆ ಓದು ಬರಹವೂ ಬಾರದು. ದೇವಾಲಯಗಳಲ್ಲೂ ಅನೇಕ ಕಡೆ ಅವರ ಪೂಜೆಗೆ ನೆಲಮಾಳಿಗೆಯೇ ಗತಿಯಾಗಿತ್ತು. ಇದನ್ನು ಬರೆಯುವಾಗ ಒಬ್ಬ ಗುರುವಾಗಿ ನನಗೆ ನಾಚಿಕೆಯಾಗುತ್ತದೆ.

1889ರ ಮಾರ್ಚ್ 31ರಂದು ಮದರ್ ಕಬ್ರೀನಿ ಆರು ಮಂದಿ ಸಿಸ್ಟರುಗಳೊಡನೆ ನ್ಯೂಯಾರ್ಕಿನಲ್ಲಿ ಇಳಿದರು. ಸಿದ್ಧವಾಗಿರಬೇಕಿದ್ದ ಮನೆ ಇರಲಿಲ್ಲ. ಮೊದಲ ರಾತ್ರಿ ಕೊಳಕು ಬಾಡಿಗೆ ಕೋಣೆಯಲ್ಲಿ, ಹಾಸಿಗೆಯ ಮೇಲೆ ಮಲಗಲಾರದೆ ಕಳೆಯಿತು. ಮಾರನೆಯ ದಿನ ಅಲ್ಲಿನ ಮಹಾಧರ್ಮಾಧ್ಯಕ್ಷರು ಇಟಲಿಗೆ ಹಿಂದಿರುಗುವುದೇ ಒಳಿತೆಂದರು. ಜಗದ್ಗುರುಗಳು ಕಳಿಸಿದ್ದಾರೆ, ಆದ್ದರಿಂದ ಹಿಂದೆ ಹೋಗುವುದಿಲ್ಲ ಎಂದು ಮದರ್ ನಮ್ರವಾಗಿಯೇ, ಆದರೆ ಗಟ್ಟಿಯಾಗಿ ತಿಳಿಸಿದರು.

ಸಿಸ್ಟರುಗಳು ಮನೆ ಮನೆಗೆ ನಡೆದರು. ಮಕ್ಕಳಿಗೆ ಪಾಠ, ಅನಾಥರಿಗೆ ಆಶ್ರಯ, ಸೆರೆಮನೆ ಮತ್ತು ಆಸ್ಪತ್ರೆಗಳಿಗೆ ಭೇಟಿ. ಒಂದು ಆಸ್ಪತ್ರೆಯಲ್ಲಿ ಅವರಿಗೆ ಇಟಲಿಯ ಒಬ್ಬ ಯುವಕ ಸಿಕ್ಕಿದ ಎಂದು ಮದರ್ ಅವರ ಜೀವನಚರಿತ್ರೆ ಹೇಳುತ್ತದೆ. ಊರಿನಿಂದ ಬಂದ ಕಾಗದವೊಂದನ್ನು ಬಹುದಿನಗಳಿಂದ ದಿಂಬಿನ ಬಳಿ ಇಟ್ಟುಕೊಂಡಿದ್ದ. ಆತನಿಗೆ ಓದಲು ಬಾರದು. ಸುತ್ತಲಿದ್ದವರಿಗೆ ಇಟಾಲಿಯನ್ ಬಾರದು. ಸಿಸ್ಟರ್ ಬಿಡಿಸಿ ಓದಿದರೆ ಅದರಲ್ಲಿದ್ದುದು ಆತನ ತಾಯಿಯ ಮರಣದ ಸುದ್ದಿ. ತಾಯಿ ತೀರಿಹೋದದ್ದನ್ನು ಅರಿಯದೆಯೇ ಮಗ ಇಷ್ಟು ದಿನ ಆ ಹಾಸಿಗೆಯಲ್ಲಿ ಮಲಗಿದ್ದ. ಓದುಗರೇ, ಅಲ್ಲಿ ಡಾಕ್ಟರಿದ್ದರು, ದಾದಿಯರಿದ್ದರು, ಗಂಟೆಗೆ ಸರಿಯಾಗಿ ಊಟವಿತ್ತು. ಆದರೂ ಆತನ ಪಾಲಿಗೆ ಒಬ್ಬ ಮನುಷ್ಯನೂ ಇರಲಿಲ್ಲ.

ಹಾಗಿದ್ದರೂ ಆಸ್ಪತ್ರೆ ನಡೆಸಲು ಮದರ್ ಕಬ್ರೀನಿ ಮೊದಲು ಹಿಂಜರಿದರು. ತಮ್ಮದು ಶಾಲೆ, ಅನಾಥಾಲಯಗಳ ಕೆಲಸವೆಂದು ಅವರ ಭಾವನೆ. ಆಗ ಒಂದು ಕನಸು ಬಿತ್ತಂತೆ. ಆಸ್ಪತ್ರೆಯ ಹಾಸಿಗೆಗಳ ನಡುವೆ ಒಬ್ಬ ತಾಯಿ ತೋಳು ಮಡಚಿ, ಸೆರಗು ಕಟ್ಟಿ ರೋಗಿಗಳ ಸೇವೆ ಮಾಡುತ್ತಿದ್ದಾಳೆ. ಹತ್ತಿರ ಹೋದರೆ ಅವಳು ದೇವಮಾತೆ! ನೀನು ಒಲ್ಲೆ ಎಂದ ಕೆಲಸವನ್ನು ನಾನು ಮಾಡುತ್ತಿದ್ದೇನೆ ಎಂಬ ಉತ್ತರ ಬಂತಂತೆ. ಆಮೇಲೆ ಮದರ್ ತಡಮಾಡಲಿಲ್ಲ.

ಸಾಲದಲ್ಲಿ ಮುಳುಗಿ ಮುಚ್ಚಲಿದ್ದ ಸಣ್ಣ ಆಸ್ಪತ್ರೆಯೊಂದರ ರೋಗಿಗಳನ್ನು ಕರೆತಂದು, 1892ರಲ್ಲಿ ಬಾಡಿಗೆ ಮನೆಗಳಲ್ಲಿ ಹತ್ತು ಹಾಸಿಗೆಗಳ ಆಸ್ಪತ್ರೆ ತೆರೆದರು. ಕೈಯಲ್ಲಿದ್ದುದು ಬೇಡಿ ತಂದ 250 ಡಾಲರ್. ಹಾಸಿಗೆಗಳನ್ನು ಸಿಸ್ಟರುಗಳೇ ಹೊಲಿದರು, ತಾವು ನೆಲದ ಮೇಲೆ ಮಲಗಿದರು. ಕೊಲಂಬಸ್ ಅಮೆರಿಕ ತಲುಪಿ ಆ ವರ್ಷಕ್ಕೆ ಸರಿಯಾಗಿ 400 ವರ್ಷ. ಆದ್ದರಿಂದ ಕೊಲಂಬಸ್ ಆಸ್ಪತ್ರೆ ಎಂದೇ ಹೆಸರಿಟ್ಟರು. ಆತ ಇಟಲಿಯವನು. ದೇವಾಲಯದಿಂದ ದೂರ ಸರಿದ ಕೂಲಿಕಾರನೂ ಹಿಂಜರಿಯದೆ ಬಾಗಿಲು ತಟ್ಟಲಿ, ಅಮೆರಿಕದವರಿಗೂ ಆ ಹೆಸರು ಪ್ರಿಯವಾಗಲಿ ಎಂಬ ಜಾಣತನ ಅದರಲ್ಲಿತ್ತು.

ಮದರ್ ಕಬ್ರೀನಿ ಭೋಳೆ ಸ್ವಭಾವದವರಲ್ಲ. 1905ರಲ್ಲಿ ಷಿಕಾಗೋ ನಗರದಲ್ಲಿ ಹಳೆಯ ಹೋಟೆಲೊಂದನ್ನು ಆಸ್ಪತ್ರೆಗಾಗಿ ಕೊಂಡಾಗ, ಮಾರುವವರು ಅಂಚಿನ ಒಂದಿಷ್ಟು ಜಾಗವನ್ನು ಸದ್ದಿಲ್ಲದೆ ಉಳಿಸಿಕೊಳ್ಳಲು ಹವಣಿಸಿದರು. ಮದರ್ ಬೆಳಗಿನ ಜಾವ ಸಿಸ್ಟರುಗಳ ಕೈಗೆ ಹಗ್ಗ ಕೊಟ್ಟು ಜಾಗ ಅಳೆಸಿದರು! ಕಟ್ಟಡ ರಿಪೇರಿಯ ಕಂಟ್ರಾಕ್ಟರುಗಳು ಮೋಸ ಮಾಡಿದಾಗ ಅವರನ್ನು ಬಿಡಿಸಿ, ಕೆಲಸದ ಉಸ್ತುವಾರಿಯನ್ನು ತಾವೇ ವಹಿಸಿದರು. ಮುಂದೆ ಅದೇ ನಗರದಲ್ಲಿ ಬಡ ಇಟಾಲಿಯನ್ನರ ಬೀದಿಗಳ ನಡುವೆಯೇ ಇನ್ನೊಂದು ಆಸ್ಪತ್ರೆ ತೆರೆದರು. ಬಡವರ ದುಡ್ಡೆಂದರೆ ಲೆಕ್ಕ ಇನ್ನೂ ಬಿಗಿಯಾಗಿರಬೇಕು ಎಂಬುದನ್ನು ನಾವೆಲ್ಲ ಅವರಿಂದ ಕಲಿಯಬೇಕು.

ರೋಗಿ ಬರಲಿ ಎಂದು ಬಾಗಿಲು ತೆರೆದು ಕಾಯುವುದಷ್ಟೇ ಅವರ ರೀತಿಯಾಗಿರಲಿಲ್ಲ. ಕೊಲೊರಾಡೊ ಪ್ರಾಂತ್ಯದಲ್ಲಿ ಅವರ ಸಿಸ್ಟರುಗಳು ಗಣಿಯೊಳಗೆ ಇಳಿದು, ಕತ್ತಲಲ್ಲಿ ದುಡಿಯುವವರೊಡನೆ ಅವರದೇ ಭಾಷೆಯಲ್ಲಿ ಮಾತಾಡಿ ಬಂದರು. ಆದರೆ ಈ ರೀತಿಯ ನಿಜವಾದ ಪರೀಕ್ಷೆ ನಡೆದದ್ದು ನ್ಯೂ ಓರ್ಲಿಯನ್ಸ್ ನಗರದಲ್ಲಿ.

1891ರಲ್ಲಿ ಆ ನಗರದ ಜನರ ಗುಂಪೊಂದು ಸೆರೆಮನೆಗೆ ನುಗ್ಗಿ 11 ಮಂದಿ ಇಟಾಲಿಯನ್ನರನ್ನು ಕೊಂದಿತ್ತು. ಮರುವರ್ಷವೇ ಮದರ್ ಅಲ್ಲಿಗೆ ಸಿಸ್ಟರುಗಳನ್ನು ಕಳಿಸಿದರು. 1905ರ ಬೇಸಗೆಯಲ್ಲಿ ಅಲ್ಲಿ ಹಳದಿ ಜ್ವರ ಕಾಣಿಸಿತು. ಮೊದಲು ಹಬ್ಬಿದ್ದೇ ಇಟಾಲಿಯನ್ನರ ಕೇರಿಯಲ್ಲಿ. ಈ ಜ್ವರ ಸೊಳ್ಳೆಯಿಂದ ಹರಡುತ್ತದೆಂದು ಐದು ವರ್ಷ ಮೊದಲೇ ತಿಳಿದುಬಂದಿತ್ತು. ನೀರಿನ ತೊಟ್ಟಿಗಳನ್ನು ಮುಚ್ಚಬೇಕು, ಎಣ್ಣೆ ಸುರಿಯಬೇಕು, ರೋಗಿಯನ್ನು ಪರದೆಯೊಳಗಿಡಬೇಕು. ವಿಜ್ಞಾನ ಸಿದ್ಧವಾಗಿತ್ತು, ಆದರೆ ಅದನ್ನು ಹೇಳುವ ನಾಲಿಗೆ ಬೇಕಿತ್ತು. ಅಧಿಕಾರಿಗಳು ಬಂದರೆ ಜನ ಬಾಗಿಲು ಹಾಕಿಕೊಂಡು ರೋಗಿಗಳನ್ನು ಬಚ್ಚಿಡುತ್ತಿದ್ದರು. ಹದಿನಾಲ್ಕು ವರ್ಷಗಳ ಹಿಂದಿನ ಕೊಲೆಗಳನ್ನು ಕಂಡವರು ಹೇಗೆ ನಂಬಿಯಾರು? ಆಗ ಇಟಾಲಿಯನ್ ಬಲ್ಲ ಗುರುಗಳೂ ಕಬ್ರೀನಿ ಸಿಸ್ಟರುಗಳೂ ಮನೆ ಮನೆ ಹೊಕ್ಕು ತಿಳಿಹೇಳಿದರು. ಅವರಿಗೆ ಬಾಗಿಲು ತೆರೆಯಿತು. ಆ ಜ್ವರಕ್ಕೆ ನಗರದ ಮಹಾಧರ್ಮಾಧ್ಯಕ್ಷರೂ ಸೇರಿ ನಾನೂರಕ್ಕೂ ಹೆಚ್ಚು ಜನ ಬಲಿಯಾದರು. ಆದರೂ ಹಿಂದಿನ ಕಾಲದ ಹಾವಳಿಗಳಿಗೆ ಹೋಲಿಸಿದರೆ ಸಾವು ಬಹಳ ಕಡಿಮೆ. ಅಮೆರಿಕದಲ್ಲಿ ಅದೇ ಹಳದಿ ಜ್ವರದ ಕೊನೆಯ ಹಾವಳಿಯಾಯಿತು.

ಇಲ್ಲೊಂದು ಮಾತು ಗಮನಿಸಿ. ಆ ಬಾಗಿಲುಗಳನ್ನು ತೆರೆಸಿದ್ದು ಭಾಷೆಯೊಂದೇ ಅಲ್ಲ. ಸಿಸ್ಟರುಗಳು ಜ್ವರ ಬಂದ ದಿನ ಬಂದವರಲ್ಲ, ಹದಿಮೂರು ವರ್ಷಗಳಿಂದ ಆ ಬೀದಿಯಲ್ಲೇ ಬದುಕಿದವರು. ದೇಹ ಬೇರೆ, ಆತ್ಮ ಬೇರೆ ಎಂದು ಮನುಷ್ಯನನ್ನು ಎರಡಾಗಿ ಸೀಳಲಾಗದೆಂದು ಸಂತ ತೋಮಾಸ್ ಅಕ್ವೀನರು ಕಲಿಸಿದರು. ರೋಗಿಯ ಮಾತು ಕೇಳದೆ ಆತನ ದೇಹವನ್ನಷ್ಟೇ ನೋಡುವವನು ಅರ್ಧ ಮನುಷ್ಯನಿಗೆ ಮದ್ದು ಕೊಡುತ್ತಾನೆ. ಪಂಚಾಶತ್ತಮ ಹಬ್ಬದಂದು ಪವಿತ್ರಾತ್ಮರು ನೆರೆದವರಿಗೆಲ್ಲ ಒಂದೇ ಭಾಷೆ ಕಲಿಸಲಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳುವಂತೆ ಮಾಡಿದರು.

ಹಾಗೆಂದು ಮದರ್ ಕಬ್ರೀನಿ ತಮ್ಮ ಜನರನ್ನು ಇಟಾಲಿಯನ್ ಭಾಷೆಯೊಳಗೇ ಕೂಡಿಹಾಕಲಿಲ್ಲ. ಅವರ ಶಾಲೆಗಳಲ್ಲಿ ಇಂಗ್ಲಿಷೂ ಇತ್ತು. ತಾವೂ ಕಷ್ಟಪಟ್ಟು ಅದನ್ನು ಕಲಿತರು, 1909ರಲ್ಲಿ ಅಮೆರಿಕದ ಪ್ರಜೆಯಾದರು.

1917ರ ಡಿಸೆಂಬರ್ 22ರಂದು ಷಿಕಾಗೋದ ತಮ್ಮದೇ ಆಸ್ಪತ್ರೆಯಲ್ಲಿ ಕುರ್ಚಿಯಲ್ಲಿ ಕುಳಿತಲ್ಲೇ ಅವರು ಪ್ರಾಣಬಿಟ್ಟರು. ವಯಸ್ಸು 67, ಸ್ಥಾಪಿಸಿದ ಸಂಸ್ಥೆಗಳೂ 67. ಹಿಂದಿನ ದಿನ ಇಟಾಲಿಯನ್ ಮಕ್ಕಳಿಗಾಗಿ ಕ್ರಿಸ್ಮಸ್ ಮಿಠಾಯಿಗಳನ್ನು ಸಿದ್ಧಪಡಿಸುತ್ತಿದ್ದರು. 1946ರಲ್ಲಿ ಸಂತರ ಸಾಲಿಗೆ ಸೇರಿದರು. ಅಮೆರಿಕದ ಪ್ರಜೆಗಳಲ್ಲಿ ಆ ಪದವಿ ಪಡೆದ ಮೊದಲಿಗರು ಅವರೇ. ನ್ಯೂಯಾರ್ಕಿನ ಅವರ ಆಸ್ಪತ್ರೆ 2008ರಲ್ಲಿ ಮುಚ್ಚಿತು. ಕಟ್ಟಡಗಳು ಶಾಶ್ವತವಲ್ಲ. ಆದರೆ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಭಾಷೆ ಬಾರದ ರೋಗಿಗೆ ದುಭಾಷಿಯನ್ನು ಒದಗಿಸಬೇಕೆಂಬ ನಿಯಮ ಆ ದೇಶದಲ್ಲಿ ಮುಂದೆ ಬಂತು. ತಾಯಿಯ ಕಾಯಿಲೆಯನ್ನು ವಿವರಿಸುವ ಹೊರೆಯನ್ನು ತುರ್ತಿಲ್ಲದಿದ್ದರೆ ಚಿಕ್ಕ ಮಗುವಿನ ಮೇಲೆ ಹೊರಿಸಬಾರದೆಂಬುದೂ ಆ ನಿಯಮದಲ್ಲಿದೆ. ಮದರ್ ಕಬ್ರೀನಿ ದಾನವಾಗಿ ಕೊಟ್ಟದ್ದು ಇಂದು ರೋಗಿಯ ಹಕ್ಕು.

ಪ್ರಿಯ ಓದುಗರೇ, ನಮ್ಮ ಊರುಗಳ ಕಟ್ಟಡ ಕೆಲಸದಲ್ಲಿ, ಹೋಟೆಲುಗಳಲ್ಲಿ ದೂರದ ರಾಜ್ಯಗಳಿಂದ ಬಂದವರಿದ್ದಾರೆ. ನಿಮಗೆ ಎರಡು ಮಾತು ಹಿಂದಿ ಬರುತ್ತದೆಯೇ? ಆಸ್ಪತ್ರೆಗೆ ಹೋದಾಗ ಪಕ್ಕದ ಹಾಸಿಗೆಯವನ ಮಾತ್ರೆ ಚೀಟಿಯನ್ನು ಓದಿ ಹೇಳಿ. ಆತನ ಮನೆಗೆ ಒಂದು ಫೋನ್ ಮಾಡಿಕೊಡಿ. ಇದಕ್ಕೆ ಹಣ ಬೇಡ, ಡಾಕ್ಟರ ಓದೂ ಬೇಡ. ಡಿಸೆಂಬರ್ 22, ಮದರ್ ಕಬ್ರೀನಿ ತೀರಿಕೊಂಡ ದಿನ, ಕ್ರಿಸ್ಮಸ್ಸಿಗೆ ಮೂರೇ ದಿನ ಮೊದಲು ಬರುತ್ತದೆ. ನೆರೆಯವರಿಗೆ ಹಬ್ಬದ ತಿಂಡಿ ಹಂಚಲು ಹೊರಟಾಗ, ಭಾಷೆ ಬಾರದ ಆ ಮನೆಯ ಬಾಗಿಲನ್ನೂ ತಟ್ಟಿ ಬನ್ನಿ.