ಮರಿ ತೆರೆಸ್ ಶೂಟೊ: ಗಡಿನಾಡ ಮನೆತನವೊಂದರ ವಂಶಾವಳಿ

ವಂಶಾವಳಿಯು ಸಾಮಾನ್ಯವಾಗಿ ತಂದೆಯ ಹೆಸರನ್ನು ಹಿಡಿದು ಸಾಗುತ್ತದೆ. ದಾಖಲೆಯ ಹೆಸರಿಗೂ ನಡೆದ ಬದುಕಿಗೂ ಅಂತರವಿದ್ದಾಗ ಆ ಕ್ರಮವು ಸಂಶೋಧಕನನ್ನು ದಾರಿ ತಪ್ಪಿಸುತ್ತದೆ. ಉತ್ತರ ಅಮೆರಿಕದ ಫ್ರೆಂಚ್ ವಸಾಹತಾಗಿದ್ದ ಲೂಸಿಯಾನದ ಶೂಟೊ ಮನೆತನವು ಇದಕ್ಕೆ ಉತ್ತಮ ನಿದರ್ಶನ. ಮಿಸಿಸಿಪಿ ನದಿಯ ಗಡಿನಾಡಿನಲ್ಲಿ ಮೂರು ತಲೆಮಾರುಗಳ ಕಾಲ ತುಪ್ಪಳದ ವ್ಯಾಪಾರವನ್ನು ಆಳಿದ ಈ ಮನೆತನದ ಮೂಲದಲ್ಲಿರುವವಳು ಮರಿ ತೆರೆಸ್ ಬುರ್ಜ್ವಾ ಶೂಟೊ (1733–1814).

ಮರಿ ತೆರೆಸ್ 1733ರಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಜನಿಸಿದಳು. 1748ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಫ್ರಾನ್ಸಿನಿಂದ ಬಂದು ನೆಲೆಸಿದ್ದ ರೆನೆ ಶೂಟೊ ಎಂಬ ರೊಟ್ಟಿ ತಯಾರಕನನ್ನು ವಿವಾಹವಾದಳು. ಮರುವರ್ಷ ಒಗುಸ್ತ್ ಎಂಬ ಮಗ ಹುಟ್ಟಿದನು. ಮಗು ಚಿಕ್ಕದಿರುವಾಗಲೇ ರೆನೆ ಹೆಂಡತಿ ಮಕ್ಕಳನ್ನು ತೊರೆದು ಫ್ರಾನ್ಸಿಗೆ ಮರಳಿದನು. ವಸಾಹತಿನಲ್ಲಿ ಜಾರಿಯಲ್ಲಿದ್ದ ಫ್ರೆಂಚ್ ಕಾನೂನಿನಲ್ಲಿ, ಕ್ಯಾಥೊಲಿಕ್ ಧರ್ಮನಿಯಮಕ್ಕೆ ಅನುಗುಣವಾಗಿ, ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಅಧಿಕಾರಕ್ಕೆ ಒಳಪಟ್ಟಿತ್ತು. ಅವಳಿಗೆ ಹುಟ್ಟುವ ಮಕ್ಕಳನ್ನೆಲ್ಲ ಗಂಡನ ಮಕ್ಕಳೆಂದೇ ಪರಿಗಣಿಸಲಾಗುತ್ತಿತ್ತು. ಹೀಗಾಗಿ ಗಂಡನಿಲ್ಲದ ಈ ಗೃಹಿಣಿಗೆ ಮರುಮದುವೆಯ ದಾರಿ ಮುಚ್ಚಿತ್ತು.

ಫ್ರಾನ್ಸಿನ ಬೆಯಾರ್ನ್ ಪ್ರಾಂತ್ಯದ ಪಿಯೆರ್ ಲಕ್ಲೆಡ್ 1755ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಬಂದನು. ಮರಿ ತೆರೆಸ್ ಆತನೊಡನೆ ಬಾಳತೊಡಗಿದಳು. 1758ರಿಂದ 1764ರ ನಡುವೆ ಅವರಿಗೆ ಜಾನ್ ಪಿಯೆರ್, ಪೆಲಾಜಿ, ಮರಿ ಲೂಯಿಸ್, ವಿಕ್ತ್ವಾರ್ ಎಂಬ ನಾಲ್ವರು ಮಕ್ಕಳು ಹುಟ್ಟಿದರು. ನಾಲ್ವರಿಗೂ ಶೂಟೊ ಎಂಬ ಹೆಸರಿನಲ್ಲಿಯೇ ದೀಕ್ಷಾಸ್ನಾನವಾಯಿತು. ಸಾಗರದಾಚೆ ಇದ್ದ ರೆನೆ ಕಾನೂನಿನ ದೃಷ್ಟಿಯಲ್ಲಿ ಅವರ ತಂದೆಯಾದನು. ಮನೆಯಲ್ಲಿದ್ದ ಲಕ್ಲೆಡ್‌ನ ಹೆಸರು ಮಕ್ಕಳಿಗೆ ಸಲ್ಲಲಿಲ್ಲ.

1763ರಲ್ಲಿ ಲಕ್ಲೆಡ್ ತನ್ನ ಪಾಲುದಾರ ಮ್ಯಾಕ್ಸೆಂಟ್‌ನೊಡನೆ ಮಿಸೌರಿ ನದಿ ಪ್ರದೇಶದ ವ್ಯಾಪಾರದ ಏಕಸ್ವಾಮ್ಯ ಪಡೆದು ಉತ್ತರಕ್ಕೆ ಹೊರಟನು. 1764ರ ಫೆಬ್ರವರಿಯಲ್ಲಿ ಹದಿನಾಲ್ಕರ ಹರೆಯದ ಒಗುಸ್ತ್ ಸುಮಾರು ಮೂವತ್ತು ಆಳುಗಳೊಡನೆ ಮಿಸಿಸಿಪಿಯ ಪಶ್ಚಿಮ ದಡದಲ್ಲಿ ಕಾಡು ಕಡಿಸಿ ಸೇಂಟ್ ಲೂಯಿಸ್ ಪಟ್ಟಣಕ್ಕೆ ನಾಂದಿ ಹಾಡಿದನು. ಅದೇ ವರ್ಷ ಮರಿ ತೆರೆಸ್ ಕೈಗೂಸು ವಿಕ್ತ್ವಾರ್‌ಳೊಡನೆ ಅಲ್ಲಿಗೆ ಬಂದು ನೆಲೆಸಿದಳು. 1763ರ ಪ್ಯಾರಿಸ್ ಒಪ್ಪಂದದಿಂದ ನದಿಯ ಪೂರ್ವ ದಡ ಬ್ರಿಟಿಷರ ಪಾಲಾದ ಕಾರಣ ಅಲ್ಲಿಯ ಅನೇಕ ಫ್ರೆಂಚ್ ಕುಟುಂಬಗಳು ಹೊಸ ಊರಿಗೆ ದಾಟಿದವು. ಪಶ್ಚಿಮ ದಡವು 1762ರಲ್ಲಿಯೇ ಗುಪ್ತವಾಗಿ ಸ್ಪೇನಿಗೆ ಸಂದಿತ್ತು.

ಹೊಸ ಊರಿನಲ್ಲಿ ಮರಿ ತೆರೆಸ್ ಗಂಡ ಬದುಕಿರುವಾಗಲೇ ವಿಧವೆ ಶೂಟೊ ಎಂದು ಕರೆಯಿಸಿಕೊಂಡಳು. ಇದು ಕೇವಲ ಲೋಕಮರ್ಯಾದೆಯ ಮಾತಲ್ಲ. ಆಸ್ತಿ ಹೊಂದಲು, ಕೊಡುಕೊಳ್ಳುವ ವ್ಯವಹಾರ ನಡೆಸಲು ವಿಧವೆಗೆ ಇದ್ದ ಹಕ್ಕು ಗಂಡನುಳ್ಳವಳಿಗೆ ಇರಲಿಲ್ಲ. 1768ರಲ್ಲಿ ಲಕ್ಲೆಡ್ ಮನೆ, ನಿವೇಶನ ಹಾಗೂ ಗುಲಾಮರನ್ನು ಒಗುಸ್ತ್ ಮತ್ತು ಉಳಿದ ನಾಲ್ವರಿಗೆ ದಾನಪತ್ರದ ಮೂಲಕ ಬರೆದುಕೊಟ್ಟನು. ಆ ಪತ್ರದಲ್ಲಿಯೂ ಅವರು ರೆನೆಯ ಮಕ್ಕಳೆಂದೇ ಉಲ್ಲೇಖಿತರಾಗಿದ್ದಾರೆ. ತಂದೆಯಾದವನು ತನ್ನ ಪಿತೃತ್ವವನ್ನು ಮರೆಮಾಚಿಯೇ ಮಕ್ಕಳ ಪಾಲನ್ನು ಭದ್ರಪಡಿಸಬೇಕಾಯಿತು.

ಈ ಏರ್ಪಾಡು ಕುಸಿಯುವ ಅಪಾಯವೂ ಒದಗಿತು. ಫ್ರಾನ್ಸಿನಿಂದ ಮರಳಿದ್ದ ರೆನೆ ಹೆಂಡತಿಯನ್ನು ತನ್ನ ವಶಕ್ಕೆ ಒಪ್ಪಿಸಬೇಕೆಂದು ಸ್ಪೇನಿನ ಅಧಿಕಾರಿಗಳಿಗೆ ಮೊರೆಯಿಟ್ಟನು. 1774ರಲ್ಲಿ ಗವರ್ನರ್ ಉನ್ಸಾಗ ಆಕೆಯನ್ನು ನ್ಯೂ ಆರ್ಲಿಯನ್ಸ್‌ಗೆ ಕಳುಹಿಸುವಂತೆ ಸೇಂಟ್ ಲೂಯಿಸ್‌ನ ಅಧಿಕಾರಿಗೆ ಸೂಚಿಸಿದನು. ಆಜ್ಞೆ ಜಾರಿಯಾಗಿದ್ದರೆ ಮನೆ, ಮಕ್ಕಳು, ವ್ಯಾಪಾರ ಎಲ್ಲವೂ ರೆನೆಯ ಹಿಡಿತಕ್ಕೆ ಹೋಗುವ ಸಂಭವವಿತ್ತು. ಆಜ್ಞೆ ಜಾರಿಯಾಗಲಿಲ್ಲ, 1776ರಲ್ಲಿ ರೆನೆ ತೀರಿಕೊಂಡನು. ಆದರೂ ಮರಿ ತೆರೆಸ್ ಲಕ್ಲೆಡ್‌ನನ್ನು ಮದುವೆಯಾಗಲಿಲ್ಲ. ಲಕ್ಲೆಡ್ 1778ರಲ್ಲಿ ಅರ್ಕಾನ್ಸಾ ನದಿಮುಖದ ಬಳಿ, ಸಾಲಗಾರನಾಗಿಯೇ ಮೃತಪಟ್ಟನು. ಮದುವೆಯಾಗಿದ್ದರೆ ಆ ಸಾಲದ ಹೊರೆ ಆಕೆಯ ಆಸ್ತಿಗೂ ತಟ್ಟಬಹುದಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಮೂವತ್ತಾರು ವರ್ಷ ಆಕೆ ಸ್ವತಂತ್ರವಾಗಿ ಬಾಳಿ, 1814ರ ಆಗಸ್ಟ್‌ನಲ್ಲಿ ನಿಧನಳಾದಳು. ಅಷ್ಟರಲ್ಲಿ ಆ ಊರು ಫ್ರೆಂಚ್, ಸ್ಪ್ಯಾನಿಷ್ ಆಡಳಿತಗಳನ್ನು ದಾಟಿ 1804ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಸೇರಿತ್ತು.

ಆಕೆಯ ಸಂತತಿಯು ವಿಸ್ತಾರವಾದುದು. ಒಗುಸ್ತ್ ಮತ್ತು ಪಿಯೆರ್ ಒಸೇಜ್ ಬುಡಕಟ್ಟಿನೊಡನೆ ವ್ಯಾಪಾರ ಬೆಳೆಸಿದರು. ಹೆಣ್ಣುಮಕ್ಕಳು ಲಬಾದಿ, ಪಪ್ಯಾಂ, ಗ್ರಾಶಿಯೋ ಮನೆತನಗಳನ್ನು ಸೇರಿ ವ್ಯಾಪಾರಿ ಬಾಂಧವ್ಯದ ಜಾಲವನ್ನು ಹೆಣೆದರು. ಹೆಸರನ್ನಷ್ಟೇ ಹಿಡಿದ ವಂಶವೃಕ್ಷದಲ್ಲಿ ಈ ಕವಲುಗಳು ಕಾಣಿಸುವುದಿಲ್ಲ. ಮೊಮ್ಮಗ ಕಿರಿಯ ಪಿಯೆರ್‌ನ (1789–1865) ಹೆಸರನ್ನು ದಕ್ಷಿಣ ಡಕೋಟ ರಾಜ್ಯದ ರಾಜಧಾನಿ ಹೊತ್ತಿದೆ. ಇನ್ನೊಬ್ಬ ಮೊಮ್ಮಗ ಒಗುಸ್ತ್ ಪಿಯೆರ್ ಒಸೇಜ್ ಸ್ತ್ರೀಯರೊಡನೆ ಸಂಸಾರ ಹೂಡಿದ್ದನು. ಆದ್ದರಿಂದ ಈ ವಂಶದ ಒಂದು ಕವಲು ಮೂಲನಿವಾಸಿ ತಾಯಂದಿರದು.

ಇದೇ ಮನೆತನದ ವಿರುದ್ಧ ಇನ್ನೊಂದು ವಂಶಾವಳಿಯೂ ನ್ಯಾಯಾಲಯದ ಮೆಟ್ಟಿಲೇರಿತು. ಮರಿ ಜಾನ್ ಸಿಪಿಯೋ ಎಂಬ ಗುಲಾಮ ಸ್ತ್ರೀಯ ತಂದೆ ಆಫ್ರಿಕನ್, ತಾಯಿ ನ್ಯಾಚೆಜ್ ಬುಡಕಟ್ಟಿನವಳು. ಮೂಲನಿವಾಸಿಗಳನ್ನು ಗುಲಾಮರನ್ನಾಗಿಸುವುದನ್ನು ಸ್ಪೇನಿನ ಗವರ್ನರ್ ಓರೈಲಿ 1769ರಲ್ಲಿ ನಿಷೇಧಿಸಿದ್ದನು. ಮಕ್ಕಳ ಸ್ಥಾನಮಾನ ತಾಯಿಯದನ್ನೇ ಅನುಸರಿಸುವುದರಿಂದ ತಾವು ಸ್ವತಂತ್ರರೆಂದು ಆಕೆಯ ಹೆಣ್ಣುಮಕ್ಕಳು 1805ರಿಂದ ವಾದಿಸಿದರು. ಅವರಲ್ಲಿ ಒಬ್ಬಳಾದ ಮಾರ್ಗರೀತ್ ಇದ್ದುದು ಮರಿ ತೆರೆಸಳ ಮಗ ಪಿಯೆರ್ ಶೂಟೊನ ಅಧೀನದಲ್ಲಿ. 1836ರಲ್ಲಿ ಆಕೆ ಗೆದ್ದಳು. 1838ರಲ್ಲಿ ಪಿಯೆರ್ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಮೇಲ್ಮನವಿಯೂ ಫಲಿಸಲಿಲ್ಲ. ಒಂದು ಮನೆಗೆ ತಂದೆಯ ಹೆಸರಿನ ಕಾನೂನು ಕಲ್ಪನೆಯು ಆಸ್ತಿಯನ್ನು ಉಳಿಸಿಕೊಟ್ಟರೆ, ಅದೇ ಮನೆಯಲ್ಲಿ ದುಡಿದವಳಿಗೆ ತಾಯಿಯ ವಂಶದ ನೆನಪು ಬಿಡುಗಡೆಯನ್ನು ತಂದಿತು.

ಲಕ್ಲೆಡ್‌ನ ಪಿತೃತ್ವವನ್ನು ಮನೆತನದ ಕೆಲವರು ಬಹುಕಾಲ ಒಪ್ಪಲಿಲ್ಲ. ಇಂದಿನ ಇತಿಹಾಸಕಾರರು ಅದನ್ನು ಸಾಮಾನ್ಯವಾಗಿ ಅಂಗೀಕರಿಸಿದ್ದಾರೆ. ದೀಕ್ಷಾಸ್ನಾನದ ದಾಖಲೆಯೊಂದನ್ನೇ ನಂಬಿದರೆ ರೆನೆಯೇ ಈ ವಂಶದ ಮೂಲಪುರುಷ. ದಾನಪತ್ರ, ಅರ್ಜಿ, ನ್ಯಾಯಾಲಯದ ಕಡತಗಳನ್ನು ಜೊತೆಯಾಗಿಟ್ಟು ಓದಿದರೆ ಮನೆತನವನ್ನು ಕಟ್ಟಿ ನಿಲ್ಲಿಸಿದವಳು ಮರಿ ತೆರೆಸ್ ಎಂಬುದು ಸ್ಪಷ್ಟವಾಗುತ್ತದೆ. ದಾಖಲೆಯು ಯಾರ ಹೆಸರನ್ನು ಹೇಳುತ್ತದೆ ಎಂಬುದರ ಜೊತೆಗೆ, ಯಾವ ಕಾನೂನಿನ ಒತ್ತಡದಲ್ಲಿ ಹೇಳುತ್ತದೆ ಎಂಬುದನ್ನೂ ವಂಶಾವಳಿಯ ಅಧ್ಯಯನವು ಪರಿಶೀಲಿಸಬೇಕಾಗುತ್ತದೆ.