ಶೂ ಮೇಲೆ ಸಹಿಯಾಗಿ ಉಳಿದ ಸೇಲ್ಸ್‌ಮ್ಯಾನ್

ಕಾಲೇಜು ಹುಡುಗ ಹುಡುಗಿಯರ ಕಾಲಲ್ಲಿ ಈಗ ಮತ್ತೆ ಕಾಣಿಸುವ ಎತ್ತರದ ಕ್ಯಾನ್ವಾಸ್ ಶೂ ನೋಡಿದ್ದೀರಲ್ಲ? ಬದಿಯಲ್ಲಿ ದುಂಡಗಿನ ಬಿಲ್ಲೆ, ನಡುವೆ ನಕ್ಷತ್ರ, ಜೊತೆಗೊಂದು ಸಹಿ. ಆ ಚಕ್ ಟೇಲರ್ ಯಾರೋ ದೊಡ್ಡ ಬಾಸ್ಕೆಟ್‌ಬಾಲ್ ತಾರೆ ಇರಬೇಕೆಂದು ಹೆಚ್ಚಿನವರ ಎಣಿಕೆ. ಅಲ್ಲ, ಆತ ಶೂ ಮಾರುತ್ತಿದ್ದವನು.

ಹುಟ್ಟಿದ್ದು 1901ರ ಜೂನ್ 24ರಂದು, ಅಮೆರಿಕದ ಇಂಡಿಯಾನಾದಲ್ಲಿ. ಬಾಸ್ಕೆಟ್‌ಬಾಲ್ ಎಂಬ ಆಟ ಹುಟ್ಟಿ ಆಗಿನ್ನೂ ಹತ್ತು ವರ್ಷ. ಕೊಲಂಬಸ್ ಊರಿನ ಹೈಸ್ಕೂಲ್ ತಂಡದಲ್ಲಿ ಆಡಿದ ಚಕ್, 1920ರ ದಶಕದ ಆರಂಭದಲ್ಲಿ ಕನ್ವರ್ಸ್ ಕಂಪೆನಿಯ ಕೆಲಸಕ್ಕೆ ಸೇರಿದ. 1908ರಲ್ಲಿ ಶುರುವಾಗಿದ್ದ ಈ ರಬ್ಬರ್ ಶೂ ಕಂಪೆನಿ 1917ರಲ್ಲಿ ಆಲ್ ಸ್ಟಾರ್ ಎಂಬ ಆಟದ ಶೂ ತಂದಿತ್ತು.

ಆತ ಮಾರುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಕಾರಿನಲ್ಲಿ ಶೂ ತುಂಬಿಕೊಂಡು ಊರೂರು ಸುತ್ತುವುದು, ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಚೆಂಡು ಪಾಸ್ ಮಾಡುವುದನ್ನು ಪುಕ್ಕಟೆ ಕಲಿಸುವುದು, ಆಮೇಲೆ ಶೂ ಬೇಕಾದವರನ್ನು ಆ ಊರಿನ ಅಂಗಡಿಗೇ ಕಳಿಸುವುದು. ಹೀಗಾಗಿ ಕೋಚ್‌ಗಳೂ ಅಂಗಡಿಯವರೂ ಆತನ ದೋಸ್ತಿಗಳಾದರು. ವರ್ಷದ ಹೆಚ್ಚಿನ ರಾತ್ರಿ ಕಳೆದದ್ದು ಮೋಟೆಲ್‌ಗಳಲ್ಲಿ. 1930ರ ದಶಕದಲ್ಲಿ ಕಂಪೆನಿ ಆತನ ಸಹಿಯನ್ನು ಶೂಗೆ ಅಂಟಿಸಿತು. ಆದರೆ ಮಾರಾಟವಾದ ಪ್ರತಿ ಜೋಡಿಗೆ ಇಷ್ಟು ಎಂಬ ಪಾಲು ಮಾತ್ರ ಇರಲಿಲ್ಲವಂತೆ! 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡ ತೊಟ್ಟದ್ದು ಇದೇ ಶೂ. ಯುದ್ಧಕಾಲದಲ್ಲಿ ಸೈನಿಕರೂ ಇದನ್ನೇ ಹಾಕಿ ಕಸರತ್ತು ಮಾಡಿದರು.

ಈಗ ನನ್ನ ತಲೆಬಿಸಿ ಕೇಳಿ. ಮದುವೆ ಸೀಸನ್‌ನಲ್ಲಿ ಕ್ಯಾಟರಿಂಗ್‌ಗೆ ಹೋಗಿ ಬಡಿಸಿ ಕೂಡಿಟ್ಟ ದುಡ್ಡಿದೆ, ಒಂದೇ ಜೋಡಿಗೆ ಸಾಕು. ಸ್ಟೈಲ್ ಅಂದರೆ ಆ ಎತ್ತರದ ಕಪ್ಪು ಶೂ, ಎರಡು ಮಾತಿಲ್ಲ. ಆದರೆ ಅದರ ಅಡಿ ಹಲಗೆಯ ಹಾಗೆ ಚಪ್ಪಟೆ, ಒಳಗೆ ಮೆತ್ತೆ ತೆಳು, ಪಾದದ ಕಮಾನಿಗೆ ಆಸರೆಯೇ ಇಲ್ಲ. ಗೆಳೆಯನದ್ದು ಹಾಕಿಕೊಂಡು ಸಂತೆಕಟ್ಟೆಯಿಂದ ಕಲ್ಯಾಣಪುರದ ಒಳಗೆ ನಡೆದು ನೋಡಿದೆ, ಸಂಜೆಗೆ ಹಿಮ್ಮಡಿ ನೋವು. ಆಟಿಯ ಮಳೆಯಲ್ಲಂತೂ ಕೇಳುವುದೇ ಬೇಡ. ಗಾಳಿಯಾಡಲು ಬದಿಯಲ್ಲಿ ಇಟ್ಟ ಎರಡು ತೂತುಗಳಿಂದ ನೀರು ಒಳಗೆ, ಕ್ಯಾನ್ವಾಸ್ ಒಣಗುವ ಮೊದಲೇ ಬೂಸ್ಟು. ಒಂದೊಂದು ಮನೆಯ ಜಗಲಿಯಲ್ಲೂ ಅಷ್ಟುದ್ದ ಲೇಸ್ ಬಿಚ್ಚಿ ಕಟ್ಟುವವರು ಯಾರು?

ಅಮೆರಿಕದ ಆಟಗಾರರಿಗೂ ಕೊನೆಗೆ ಹೀಗೇ ಅನ್ನಿಸಿರಬೇಕು. 1970ರ ದಶಕದಲ್ಲಿ ಮೆತ್ತಗಿನ ಅಡಿಯ ಚರ್ಮದ ಶೂಗಳು ಬಂದವು, ವೃತ್ತಿ ಆಟಗಾರರು ಅತ್ತ ಹೊರಳಿದರು. ಕೋರ್ಟ್ ಬಿಟ್ಟ ಆಲ್ ಸ್ಟಾರ್ ಮಾತ್ರ ರಾಕ್ ಸಂಗೀತಗಾರರ, ವಿದ್ಯಾರ್ಥಿಗಳ ಕಾಲು ಸೇರಿತು. ಕಂಪೆನಿ 2001ರಲ್ಲಿ ದಿವಾಳಿಯಾಗಿ, 2003ರಲ್ಲಿ ನೈಕಿಯ ಪಾಲಾಯಿತು.

ಇದ್ಯಾವುದನ್ನೂ ಚಕ್ ನೋಡಲಿಲ್ಲ. ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆತನ ಹೆಸರು ಸೇರಿದ 1969ರಲ್ಲೇ, ಜೂನ್ 23ರಂದು, 68 ತುಂಬಲು ಒಂದು ದಿನ ಇರುವಾಗ ತೀರಿಕೊಂಡ.

ನಾನು ಮಳೆ ಮುಗಿಯಲಿ ಎಂದು ಕಾಯುತ್ತಿದ್ದೇನೆ. 1957ರಲ್ಲಿ ಬಂದ ಗಿಡ್ಡ ಮಾದರಿಯೇ ಸಾಕು, ಒಳಗೆ ಬೇರೆ ಮೆತ್ತೆ ಹಾಕಿಸಿಕೊಳ್ಳುವ ಅಂದಾಜು. ಅದರಲ್ಲಿ ಪಾದದ ಗಂಟಿನ ಬಳಿಯ ಆ ಸಹಿ ಇರುವುದಿಲ್ಲ ಎಂಬುದೊಂದೇ ಬೇಜಾರು.