ರಾಜ್ಯಭಾರ, ಯುದ್ಧ ಮತ್ತು ಉಪವಾಸ: ಅಬ್ರಹಾಂ ಲಿಂಕನ್ನರ ಜೀವನದಿಂದ

ಉಪವಾಸವೆಂಬುದು ಮನುಷ್ಯನು ತನ್ನ ದೋಷಗಳನ್ನು ಅರಿತು, ಅವುಗಳಿಂದ ಬಿಡುಗಡೆ ಹೊಂದಲು ತಾನಾಗಿ ಕೈಗೊಳ್ಳುವ ವ್ರತ. ಆ ವ್ರತವನ್ನು ಆಳುವವನು ಇಡೀ ನಾಡಿಗೆ ಸಾರಿದರೆ, ಅದೂ ಯುದ್ಧಕಾಲದಲ್ಲಿ ಸಾರಿದರೆ, ಅದಕ್ಕೆ ಏನೆಂದು ಅರ್ಥ? ಅದು ನಾಡಿನ ಆತ್ಮಶೋಧನೆಯೇ, ಇಲ್ಲವೆ ತನ್ನ ಪಕ್ಷದ ಗೆಲುವಿಗಾಗಿ ದೇವರ ಹೆಸರನ್ನು ಬಳಸಿಕೊಳ್ಳುವ ಉಪಾಯವೇ? ಅಮೆರಿಕ ಸಂಯುಕ್ತ ಸಂಸ್ಥಾನಗಳ ಹದಿನಾರನೆಯ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರ ಜೀವನದಲ್ಲಿ ಈ ಪ್ರಶ್ನೆ ನಾಲ್ಕು ವರ್ಷಗಳ ಕಾಲ ಅವರ ಬೆನ್ನು ಬಿಡದೆ ನಡೆದುಬಂದಿತು.

ಲಿಂಕನ್ನರು 1809ರ ಫೆಬ್ರವರಿ 12ರಂದು ಕೆಂಟಕಿ ಸಂಸ್ಥಾನದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಬಡ ಗುಡಿಸಲೊಂದರಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಶಾಲೆಯ ಶಿಕ್ಷಣ ಅವರಿಗೆ ದೊರೆತದ್ದು ಅತ್ಯಲ್ಪ. ಬೈಬಲ್ ಗ್ರಂಥವನ್ನು ಚೆನ್ನಾಗಿ ಓದಿಕೊಂಡಿದ್ದರೂ ಅವರು ಜೀವಮಾನದಲ್ಲಿ ಯಾವ ಚರ್ಚಿನ ಸದಸ್ಯರೂ ಆಗಲಿಲ್ಲ. 1846ರಲ್ಲಿ ಕಾಂಗ್ರೆಸ್ ಸಭೆಯ ಸ್ಥಾನಕ್ಕೆ ನಿಂತಾಗ ಅವರ ಎದುರಾಳಿಯಾಗಿದ್ದವರು ಪೀಟರ್ ಕಾರ್ಟ್‌ರೈಟ್ ಎಂಬ ಮೆಥಡಿಸ್ಟ್ ಪಂಥದ ಬೋಧಕರು. ಲಿಂಕನ್ನರು ಧರ್ಮನಿಂದಕರೆಂಬ ಅಪವಾದ ಆಗ ಹಬ್ಬಿತು. ತಾವು ಯಾವ ಚರ್ಚಿಗೂ ಸೇರಿದವರಲ್ಲವೆಂಬುದನ್ನು ಅವರು ಕರಪತ್ರವೊಂದರಲ್ಲಿ ಒಪ್ಪಿಕೊಂಡರು. ಆದರೆ ಧರ್ಮಗ್ರಂಥದ ಸತ್ಯವನ್ನು ತಾವೆಂದೂ ಅಲ್ಲಗಳೆದಿಲ್ಲವೆಂದು ಸ್ಪಷ್ಟಪಡಿಸಿದರು. ಮತಗಳಿಗಾಗಿ ಇಲ್ಲದ ಭಕ್ತಿಯನ್ನು ನಟಿಸಲು ಅವರು ಮುಂದಾಗಲಿಲ್ಲ. ಚುನಾವಣೆಯಲ್ಲಿ ಗೆಲುವು ಅವರದೇ ಆಯಿತು.

1861ರ ಮಾರ್ಚಿಯಲ್ಲಿ ಅವರು ಅಧ್ಯಕ್ಷ ಪದವಿಯನ್ನು ಸ್ವೀಕರಿಸುವ ವೇಳೆಗೆ, ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂಬ ದಕ್ಷಿಣದ ಸಂಸ್ಥಾನಗಳು ದೇಶದಿಂದ ಬೇರ್ಪಟ್ಟು ತಮ್ಮದೇ ಸರ್ಕಾರವನ್ನು ರಚಿಸಿಕೊಂಡಿದ್ದವು. ಏಪ್ರಿಲ್ 12ರಂದು ಅಂತರ್ಯುದ್ಧ ಆರಂಭವಾಯಿತು. ಮೂಲ ಅಮೆರಿಕದ ಸಂವಿಧಾನದಲ್ಲಿ ದೇವರ ಅನುಗ್ರಹವನ್ನು ಬೇಡುವ ಮಾತಿರಲಿಲ್ಲ. ದಕ್ಷಿಣದವರು ತಮ್ಮ ಹೊಸ ಸಂವಿಧಾನದ ಪ್ರಸ್ತಾವನೆಯಲ್ಲಿಯೇ ಅದನ್ನು ಸೇರಿಸಿದರು. ದಕ್ಷಿಣದ ಅಧ್ಯಕ್ಷರಾದ ಜೆಫರ್ಸನ್ ಡೇವಿಸ್ ಅವರು 1861ರ ಜೂನ್ 13ನ್ನು ಉಪವಾಸ ಮತ್ತು ಪ್ರಾರ್ಥನೆಯ ದಿನವೆಂದು ಸಾರಿದರು. ಮಾನವನನ್ನು ಮಾರುವ ಪದ್ಧತಿಯ ಉಳಿವಿಗಾಗಿ ಹೋರಾಡುತ್ತಿದ್ದ ಸರ್ಕಾರವೂ ಉಪವಾಸವ್ರತದ ಆಶ್ರಯವನ್ನು ಪಡೆಯಿತೆಂಬುದು ವಿಚಾರ ಮಾಡತಕ್ಕ ಸಂಗತಿ.

ಉತ್ತರದಲ್ಲಿಯೂ ಇದೇ ಕ್ರಮ ನಡೆಯಿತು. ಜುಲೈ 21ರಂದು ಬುಲ್ ರನ್ ಎಂಬಲ್ಲಿ ಉತ್ತರದ ಸೇನೆ ಸೋತು ಹಿಮ್ಮೆಟ್ಟಿತು. ಕಾಂಗ್ರೆಸ್ ಸಭೆಯ ಕೋರಿಕೆಯಂತೆ ಲಿಂಕನ್ನರು ಸೆಪ್ಟೆಂಬರ್ 26ನ್ನು ಉಪವಾಸದ ದಿನವೆಂದು ಘೋಷಿಸಿದರು. ಹಿಂದೆ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ನರು ಇಂತಹ ದಿನಗಳನ್ನು ಸಾರುವುದು ಸರ್ಕಾರದ ಅಧಿಕಾರಕ್ಕೆ ಸೇರಿದ್ದಲ್ಲವೆಂದು ಅದರಿಂದ ದೂರ ಉಳಿದಿದ್ದರು. ಲಿಂಕನ್ನರು ಆ ಮಾರ್ಗವನ್ನು ಹಿಡಿಯಲಿಲ್ಲ. ಅವರ ಮೊದಲ ಘೋಷಣೆಯಲ್ಲಿ ನಾಡಿನ ತಪ್ಪುಗಳ ಒಪ್ಪಿಗೆಯಿತ್ತು. ಅದರೊಡನೆ ತಮ್ಮ ಶಸ್ತ್ರಗಳಿಗೆ ದೇವರ ಆಶೀರ್ವಾದವೂ ದೊರೆಯಲೆಂಬ ಬೇಡಿಕೆಯೂ ಇತ್ತು. ಈ ಅಂಶದಲ್ಲಿ ಅವರ ಉಪವಾಸಕ್ಕೂ ದಕ್ಷಿಣದವರ ಉಪವಾಸಕ್ಕೂ ಹೆಚ್ಚಿನ ಅಂತರವಿರಲಿಲ್ಲ.

1862ನೆಯ ವರ್ಷ ಅವರನ್ನು ಬದಲಾಯಿಸಿತು. ಫೆಬ್ರವರಿಯಲ್ಲಿ ಅವರ ಪ್ರಿಯಪುತ್ರ ವಿಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಸೋಲಿನ ಮೇಲೆ ಸೋಲು ಬಂದಿತು. ಸೆಪ್ಟೆಂಬರ್ 13ರಂದು ಷಿಕಾಗೊ ನಗರದ ಪಾದ್ರಿಗಳ ನಿಯೋಗವೊಂದು ಬಂದು, ಗುಲಾಮರನ್ನು ಬಿಡುಗಡೆ ಮಾಡುವುದೇ ದೇವರ ಇಚ್ಛೆಯೆಂದು ಒತ್ತಾಯಿಸಿತು. ಇದಕ್ಕೆ ತೀರ ವಿರುದ್ಧವಾದ ಅಭಿಪ್ರಾಯವುಳ್ಳವರೂ ಅಷ್ಟೇ ದೃಢವಾಗಿ ದೇವರ ಇಚ್ಛೆಯನ್ನು ತಾವು ಬಲ್ಲೆವೆಂದು ಹೇಳುತ್ತಿರುವುದನ್ನು ಲಿಂಕನ್ನರು ಅವರಿಗೆ ನೆನಪಿಸಿದರು. ಕರ್ತವ್ಯ ತಮ್ಮದಾಗಿರುವಾಗ ದೇವರು ಅದನ್ನು ನೇರವಾಗಿ ತಮಗೇ ತಿಳಿಸಬಹುದಾಗಿತ್ತಲ್ಲವೆ ಎಂದೂ ಕೇಳಿದರು. ಸುಮಾರು ಈ ದಿನಗಳಲ್ಲಿ ಅವರು ತಮಗಾಗಿಯೇ ಬರೆದಿಟ್ಟುಕೊಂಡ ಒಂದು ಚಿಕ್ಕ ಟಿಪ್ಪಣಿ ಅವರ ಮರಣಾನಂತರ ಬೆಳಕಿಗೆ ಬಂದಿತು. ಯುದ್ಧದಲ್ಲಿ ದೇವರ ಉದ್ದೇಶ ಎರಡೂ ಪಕ್ಷಗಳ ಉದ್ದೇಶಕ್ಕಿಂತ ಬೇರೆಯಾಗಿರಬಹುದೆಂಬ ಚಿಂತನೆ ಅದರಲ್ಲಿದೆ.

ಆದರೂ ಅದೇ ತಿಂಗಳಿನಲ್ಲಿ ಲಿಂಕನ್ನರು ಒಂದು ಸಂಕಲ್ಪವನ್ನು ಮಾಡಿದ್ದರು. ಶತ್ರುಸೇನೆ ಮೇರಿಲೆಂಡ್ ಪ್ರಾಂತದಿಂದ ಹಿಮ್ಮೆಟ್ಟಿದರೆ ಗುಲಾಮರ ವಿಮೋಚನೆಯನ್ನು ಘೋಷಿಸುವೆನೆಂದು ದೇವರ ಸನ್ನಿಧಿಯಲ್ಲಿ ಅವರು ಹರಕೆ ಹೊತ್ತಿದ್ದರು. ಸೆಪ್ಟೆಂಬರ್ 17ರಂದು ಆಂಟೀಟಮ್ ಹಳ್ಳದ ಬಳಿ ನಡೆದ ಕದನದಲ್ಲಿ ಒಂದೇ ದಿನ ಎರಡು ಕಡೆಯೂ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ದಕ್ಷಿಣದ ಸೇನೆ ಹಿಂದೆ ಸರಿಯಿತು. ಸೆಪ್ಟೆಂಬರ್ 22ರಂದು ಲಿಂಕನ್ನರು ಈ ಹರಕೆಯ ವಿಷಯವನ್ನು ತಮ್ಮ ಮಂತ್ರಿಗಳಿಗೆ ಸಂಕೋಚದಿಂದಲೇ ತಿಳಿಸಿದರು. ಅಲ್ಲಿದ್ದ ಇಬ್ಬರು ಮಂತ್ರಿಗಳಾದ ವೆಲ್ಸ್ ಮತ್ತು ಚೇಸ್ ಅವರ ದಿನಚರಿಗಳಿಂದ ಇದು ಲೋಕಕ್ಕೆ ತಿಳಿದುಬಂದಿದೆ.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದಿದೆ. ಹರಕೆಯನ್ನು ಅವರು ಸಲ್ಲಿಸಿದರು. ಆದರೆ ಅದನ್ನು ಶಾಸನದ ಆಧಾರವನ್ನಾಗಿ ಮಾಡಲಿಲ್ಲ. 1863ರ ಜನವರಿ 1ರಂದು ಜಾರಿಗೆ ಬಂದ ವಿಮೋಚನಾ ಘೋಷಣೆಯು ಸೇನೆಯ ಮಹಾದಂಡನಾಯಕನೆಂಬ ಅವರ ಅಧಿಕಾರವನ್ನೂ ಯುದ್ಧದ ಅಗತ್ಯವನ್ನೂ ಆಧರಿಸಿತ್ತು. ಚೇಸ್ ಅವರ ಸಲಹೆಯಂತೆ ಕೊನೆಯಲ್ಲಿ ದೇವರ ಕೃಪೆಯನ್ನು ಕೋರುವ ಮಾತೊಂದು ಸೇರಿತು, ಅಷ್ಟೆ. ವ್ರತವು ಅವರ ಮನಸ್ಸನ್ನು ಬಂಧಿಸಿತು. ಪ್ರಜೆಗಳನ್ನು ಬಂಧಿಸಿದ್ದು, ಎಲ್ಲರೂ ಪರಿಶೀಲಿಸಬಹುದಾದ, ಒಪ್ಪಬಹುದಾದ, ವಿರೋಧಿಸಲೂಬಹುದಾದ ಕಾನೂನು. 1864ರಲ್ಲಿ ಕ್ರಿಸ್ತನ ಅಧಿಕಾರವನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ನಿಯೋಗವೊಂದು ಬಂದು ಬೇಡಿದಾಗಲೂ ಅವರು ಅದನ್ನು ಕಾಂಗ್ರೆಸ್ ಸಭೆಗೆ ಶಿಫಾರಸು ಮಾಡಲಿಲ್ಲ.

ಸೆನೆಟ್ ಸಭೆಯ ಕೋರಿಕೆಯಂತೆ ಅವರು 1863ರ ಏಪ್ರಿಲ್ 30ನ್ನು ಎರಡನೆಯ ಉಪವಾಸದ ದಿನವೆಂದು ಸಾರಿದರು. ಈ ಘೋಷಣೆಯಲ್ಲಿ ಜಯದ ಬೇಡಿಕೆಯಿಲ್ಲ. ಸಂಪತ್ತು ಹೆಚ್ಚಿದಂತೆ ಗರ್ವವೂ ಹೆಚ್ಚಿ ನಾಡು ದೇವರನ್ನು ಮರೆಯಿತೆಂದೂ, ಈ ಯುದ್ಧವು ಇಡೀ ಜನಾಂಗದ ಪಾಪಗಳಿಗೆ ಬಂದ ದಂಡನೆಯಾಗಿರಬಹುದೆಂದೂ ಅದು ಹೇಳಿತು. ಕ್ಷಮೆಯನ್ನೂ ಒಡೆದ ನಾಡಿನಲ್ಲಿ ಐಕ್ಯ ಮತ್ತು ಶಾಂತಿಯನ್ನೂ ಬೇಡಿತು. ಉಪವಾಸ ಮುಗಿದ ಒಂದು ವಾರದೊಳಗೆ ಚಾನ್ಸೆಲರ್ಸ್‌ವಿಲ್ ಕದನದಲ್ಲಿ ಉತ್ತರದ ಸೇನೆ ದಕ್ಷಿಣದ ಚಿಕ್ಕ ಸೇನೆಯ ಕೈಯಲ್ಲಿ ಸೋತಿತು. ಜುಲೈಯಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಸೋತ ದಕ್ಷಿಣದವರು ಆಗಸ್ಟ್ 21ರಂದು ತಮ್ಮ ಉಪವಾಸವನ್ನು ಆಚರಿಸಿದರು. ಉಪವಾಸವು ಜಯವನ್ನು ಕೊಳ್ಳುವ ನಾಣ್ಯವಲ್ಲವೆಂಬುದು ಎರಡು ಕಡೆಯವರಿಗೂ ಅನುಭವಕ್ಕೆ ಬಂದಿತು. 1864ರ ಆಗಸ್ಟಿನ ಮೂರನೆಯ ಉಪವಾಸದ ಘೋಷಣೆಯಲ್ಲಿ ದಂಗೆ ಅಡಗಲೆಂಬ ಪ್ರಾರ್ಥನೆ ಮತ್ತೆ ಕಾಣಿಸಿಕೊಂಡಿತು; ಆದರೆ ಅದು ದೇವರ ಇಚ್ಛೆಗೆ ಸಮ್ಮತವಾದರೆ ಎಂಬ ನಿಬಂಧನೆಗೆ ಒಳಪಟ್ಟಿತ್ತು.

ಹಿಂಸೆಯನ್ನು ಸರ್ವಥಾ ಒಪ್ಪದ ಕ್ವೇಕರ್ ಪಂಥದವರೊಡನೆ ಅವರ ವರ್ತನೆಯೂ ಸ್ಮರಣೀಯ. ಆ ಪಂಥದ ಎಲೈಜಾ ಗರ್ನಿ ಎಂಬ ಮಹಿಳೆಗೆ 1864ರಲ್ಲಿ ಬರೆದ ಪತ್ರದಲ್ಲಿ, ಯುದ್ಧವನ್ನೂ ದಾಸ್ಯವನ್ನೂ ಏಕಕಾಲಕ್ಕೆ ವಿರೋಧಿಸುವ ಅವರ ಸಂಕಟವನ್ನು ಲಿಂಕನ್ನರು ಗುರುತಿಸಿದರು. ಆತ್ಮಸಾಕ್ಷಿಯ ಕಾರಣದಿಂದ ಶಸ್ತ್ರ ಹಿಡಿಯದವರಿಗೆ ಕಾನೂನಿನ ಮಿತಿಯಲ್ಲಿ ತಮ್ಮಿಂದಾದಷ್ಟು ನೆರವಾಗಿರುವುದಾಗಿ ತಿಳಿಸಿದರು.

1865ರ ಮಾರ್ಚಿ 4ರಂದು, ಗೆಲುವು ಹತ್ತಿರವಾಗಿದ್ದಾಗ, ಅವರು ಎರಡನೆಯ ಬಾರಿ ಪದವಿಯನ್ನು ಸ್ವೀಕರಿಸಿ ಸುಮಾರು 700 ಪದಗಳ ಭಾಷಣ ಮಾಡಿದರು. ಎರಡು ಪಕ್ಷಗಳೂ ಒಂದೇ ಗ್ರಂಥವನ್ನೋದಿ ಒಬ್ಬನೇ ದೇವರನ್ನು ಪರಸ್ಪರರ ವಿರುದ್ಧ ಬೇಡಿದುದನ್ನು ಎತ್ತಿ ತೋರಿಸಿ, ಗುಲಾಮಗಿರಿಯ ಪಾಪದಲ್ಲಿ ಉತ್ತರಕ್ಕೂ ಪಾಲಿದೆಯೆಂದು ಸೂಚಿಸಿದರು. ಯಾರ ಮೇಲೂ ಹಗೆಯಿಲ್ಲದೆ ಗಾಯಗಳನ್ನು ಮಾಯಿಸಬೇಕೆಂದು ಕೋರಿದರು. ಈ ಭಾಷಣ ಒಡನೆ ಜನಪ್ರಿಯವಾಗಲಾರದೆಂಬುದನ್ನು ಅವರು ಬಲ್ಲವರಾಗಿದ್ದರು. ತಮ್ಮ ಉದ್ದೇಶವೂ ದೇವರ ಉದ್ದೇಶವೂ ಒಂದೇ ಅಲ್ಲವೆಂದು ಹೇಳಿಸಿಕೊಳ್ಳುವುದು ಜನರಿಗೆ ಹಿತವಾಗದೆಂದು ಅವರು ಕೆಲವೇ ದಿನಗಳಲ್ಲಿ ಪತ್ರವೊಂದರಲ್ಲಿ ಬರೆದರು. ಏಪ್ರಿಲ್ 14ರ ಶುಭ ಶುಕ್ರವಾರದಂದು ಗುಂಡೇಟು ತಿಂದು ಮರುದಿನ ಬೆಳಿಗ್ಗೆ ಅಸುನೀಗಿದರು.

ಲಿಂಕನ್ನರ ಮಾರ್ಗವು ನಿರ್ದೋಷವೆಂದು ಹೇಳಲಾಗದು. ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಯುದ್ಧವನ್ನು ದೈವದ ದಂಡನೆಯೆಂದು ಕರೆದಾಗ, ಅದನ್ನು ನಡೆಸಿದ ಮನುಷ್ಯರ ಹೊಣೆ ಹಗುರವಾಗುವ ಅಪಾಯವಿದೆ. ಕದನದ ಫಲವನ್ನು ದೈವಸಂಕೇತವೆಂದು ಭಾವಿಸುವುದೂ ವಿವೇಕಿಗಳು ಪ್ರಶ್ನಿಸಬೇಕಾದ ವಿಷಯವೇ. ಆದರೆ ಅಧಿಕಾರದಲ್ಲಿರುವವನು ದೇವರನ್ನು ನೆನೆದಾಗ ಪ್ರಜೆಗಳು ಯಾವುದನ್ನು ಪರೀಕ್ಷಿಸಬೇಕೆಂಬುದನ್ನು ಅವರ ಜೀವನ ತಿಳಿಸಿಕೊಡುತ್ತದೆ. ಆ ನೆನಹಿನಿಂದ ಅವನು ತನ್ನ ಪಕ್ಷದ ತಪ್ಪನ್ನು ಒಪ್ಪುವವನಾದನೇ, ಎದುರಾಳಿಯ ಮೇಲಿನ ದ್ವೇಷ ಕಡಿಮೆಯಾಯಿತೇ, ತನ್ನ ಆಜ್ಞೆಗೆ ಕಾನೂನಿನ ಕಾರಣವನ್ನು ಕೊಡುವ ಹೊಣೆಯನ್ನು ಉಳಿಸಿಕೊಂಡನೇ ಎಂಬುದನ್ನು ನೋಡಬೇಕು. ಪರರ ಸೋಲಿಗಾಗಿ ಮಾಡುವ ಉಪವಾಸ ಬರಿಯ ಹಸಿವು. ತನ್ನ ದೋಷವನ್ನು ಕಾಣಲು ಮಾಡುವ ಉಪವಾಸವೇ ವ್ರತ. ಈ ಭೇದವನ್ನು ಲಿಂಕನ್ನರು ಯುದ್ಧದ ನಡುವೆ, ತಡವಾಗಿ ಮತ್ತು ಬಹು ನೋವಿನಿಂದ ಕಂಡುಕೊಂಡರು.